ಮಳೆಗಾಲದಲ್ಲಿ ಮರದ ಸಾಮಾನು: ಸ್ವಲ್ಪ ಗಮನಿಸಿ

ಎಲ್ಲರಿಗೂ ನಮಸ್ಕಾರ. ತೇಗದ ಬೀರು, ಬೀಟೆ ಮಂಚಕ್ಕೆ ಬಿಳಿ ಬೂಷ್ಟು ಹಿಡಿದಿದೆ ಅಂತ ಇಬ್ಬರು ಮೂವರು ಕೇಳಿದ್ದೀರಿ.

ಸಾಮಾನನ್ನು ಜಗಲಿಗೆ ತಂದು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಒಳಗೇ ಕೊಡವಿದರೆ ಪುಡಿ ಮನೆಯೆಲ್ಲ ಹರಡುತ್ತದೆ. ಆಮೇಲೆ ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಸೇರಿಸಿ, ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ, ಮರದ ಎಳೆಯ ಉದ್ದಕ್ಕೆ ಒರೆಸಿ. ಕೂಡಲೇ ಒಣಬಟ್ಟೆ ಆಡಿಸಿ. ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಪಾಲಿಶ್ ಹೋದರೆ ಕಷ್ಟ ಅಲ್ವಾ? ಬೀರನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಗಾಳಿ ಆಡಲಿ.

ತೆಂಗಿನೆಣ್ಣೆ ಮಾತ್ರ ಬೇಡ. ಅದು ಒಣಗುವುದಿಲ್ಲ. ಹಳೇ ಆರಾಮಕುರ್ಚಿಗೆ ಹಚ್ಚಿ, ವಾರದಲ್ಲೇ ಧೂಳಿನ ಕಂಬಳಿ ಹೊದಿಸಿದ ಪುಣ್ಯಾತ್ಮ ನಾನೇ! ಪಾಲಿಶ್ ಇಲ್ಲದ ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಬಹುದು, ಆದರೆ ಬಿಸಿಲು ಬಂದ ಮೇಲೆ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ.

ಬಿಗಿಯಾದ ಡ್ರಾಯರ್‌ಗೆ ಈಗಲೇ ಉಜ್ಜುಗೊರಡು ಹಾಕಿಸಬೇಡಿ. ಬೇಸಿಗೆಗೆ ಮರ ಕುಗ್ಗಿದರೆ ಸಡಿಲವಾಗುತ್ತದೆ. ಸದ್ಯಕ್ಕೆ ಅಂಚಿಗೆ ಮೇಣದಬತ್ತಿ ಉಜ್ಜಿ, ಸಾಕು.