ಮಗಳಿಗೊಂದು ಪತ್ರ: ನಾಲ್ಕು ದಿನದ ಲಂಡನ್

ಮೈಸೂರು

ಚಿ. ಮೇಘನಾಳಿಗೆ ಅಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನೀನು ಕಳುಹಿಸಿದ ಪಟ್ಟಿ ತಲುಪಿತು. ಮ್ಯಾಂಚೆಸ್ಟರಿನ ಕಚೇರಿ ಕೆಲಸ ಮುಗಿಸಿ ಊರಿಗೆ ಮರಳುವ ಮೊದಲು ಲಂಡನ್ನಿನಲ್ಲಿ ಉಳಿಯುವ ನಾಲ್ಕು ದಿನಗಳಿಗೆ ನೀನು ಇಪ್ಪತ್ತಮೂರು ಸ್ಥಳಗಳನ್ನು ಗುರುತು ಮಾಡಿಕೊಂಡಿದ್ದೀಯೆ. ಒಂದೊಂದರ ಎದುರಿಗೂ ಹೊರಡುವ ಹೊತ್ತು, ತಲುಪುವ ಹೊತ್ತು ಎಂದು ಬರೆದಿದ್ದೀಯೆ. ಫೋನಿನಲ್ಲಿ ಮಾತನಾಡಿದರೆ ವಿಷಯ ಅರ್ಧಕ್ಕೇ ನಿಂತುಬಿಡುತ್ತದೆ ಎನ್ನಿಸಿ ಈ ಪತ್ರ ಬರೆಯಲು ಕುಳಿತೆ.

2018ರಲ್ಲಿ ನಾನೂ ನಿನ್ನ ಅಪ್ಪನೂ ಐದು ದಿನಗಳ ಮಟ್ಟಿಗೆ ಲಂಡನ್ನಿಗೆ ಹೋಗಿದ್ದಾಗ ನಮ್ಮ ಕೈಯಲ್ಲಿಯೂ ಇಂಥದೇ ಪಟ್ಟಿಯಿತ್ತು. ಪ್ರವಾಸದ ಏಜೆಂಟರು ಸಿದ್ಧಪಡಿಸಿದ್ದ ಅದನ್ನು ನಾವು ಒಂದು ಗೆರೆಯೂ ತಪ್ಪದಂತೆ ಪಾಲಿಸಿದೆವು. ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು ನಾನು. ವರ್ಷವರ್ಷವೂ ಮಕ್ಕಳನ್ನು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದು, ಟಿಪ್ಪು ಬಿದ್ದ ಜಾಗದಲ್ಲಿ ನಿಲ್ಲಿಸಿ, ಅವನ ಮರದ ಹುಲಿಯ ಕತೆ ಹೇಳುತ್ತಿದ್ದೆ. ಆ ಹುಲಿ ಇರುವುದು ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ಬೆಳಿಗ್ಗೆಯಿಂದ ಐದು ಸ್ಥಳಗಳನ್ನು ಮುಗಿಸಿ ನಾವು ಅಲ್ಲಿಗೆ ತಲುಪುವಾಗ ಐದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಆ ಮ್ಯೂಸಿಯಂ ಮುಚ್ಚುವುದು ಐದೂ ಮುಕ್ಕಾಲಿಗೆ. ಹುಡುಕಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತದ್ದು ಹತ್ತೇ ನಿಮಿಷ. ಜೀವಮಾನವಿಡೀ ನೋಡಬೇಕೆಂದಿದ್ದ ವಸ್ತುವಿಗೆ ನಾನು ಕೊಡಲು ಸಾಧ್ಯವಾದದ್ದು ಅಷ್ಟು ಹೊತ್ತು. ಆ ಸಂಕಟ ನಿನಗೆ ಬರಬಾರದು.

ಆ ಹತ್ತು ನಿಮಿಷದಲ್ಲಿ ಕಂಡದ್ದನ್ನು ಹೇಳುತ್ತೇನೆ. ಹುಲಿ ಸುಮಾರು ಆರು ಅಡಿ ಉದ್ದವಿದೆ. ಅದರ ಕಾಲಡಿಯಲ್ಲಿ ಕರಿಯ ಟೋಪಿಯ ಐರೋಪ್ಯನೊಬ್ಬ ಅಂಗಾತ ಬಿದ್ದಿದ್ದಾನೆ. ಹುಲಿಯ ಹಲ್ಲು ಅವನ ಕುತ್ತಿಗೆಯ ಮೇಲಿದೆ. ಅವನ ಕೆಂಪು ಅಂಗಿಯ ಮೇಲೆ ನಮ್ಮ ಕಡೆಯ ಹೂವಿನ ಚಿತ್ತಾರವಿದೆ, ಸಾಯುತ್ತಿರುವವನಿಗೂ ಕುಸುರಿ ಬಿಟ್ಟಿಲ್ಲ ಆ ಕೆಲಸಗಾರ. ಮಗ್ಗುಲಿನಲ್ಲಿರುವ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ, ಬಿದ್ದವನ ಎಡಗೈ ಮೇಲೆದ್ದು, ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳುವಂತೆ ಅದನ್ನು ಮಾಡಿದ್ದಾರೆ. ಹೊಟ್ಟೆಯ ಬದಿಯಲ್ಲಿ ಆರ್ಗನ್ ವಾದ್ಯದ ಗುಂಡಿಗಳೂ ಇವೆಯಂತೆ. ನಾನು ನಿಂತಿದ್ದ ಕಡೆಯಿಂದ ಅವು ಕಾಣಲಿಲ್ಲ. ಸುತ್ತು ಹಾಕಿ ನೋಡುವಷ್ಟರಲ್ಲಿ ಹೊರಡುವ ಹೊತ್ತಾಯಿತು.

ಆದ್ದರಿಂದ ನನ್ನ ಮೊದಲ ಮಾತು: ಇಪ್ಪತ್ತಮೂರನ್ನು ಏಳೆಂಟಕ್ಕೆ ಇಳಿಸು. ಲಂಡನ್ನಿನ ದೊಡ್ಡ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಶುಲ್ಕವಿಲ್ಲ ಎಂಬುದನ್ನು ನೀನು ಕೇವಲ ಉಳಿತಾಯವೆಂದು ತಿಳಿಯಬೇಡ. ಟಿಕೆಟ್ಟಿಗೆ ಹಣ ಕೊಟ್ಟಿಲ್ಲವಾದ್ದರಿಂದ ಎಲ್ಲವನ್ನೂ ನೋಡಿ ಮುಗಿಸಲೇಬೇಕೆಂಬ ಒತ್ತಡವಿರುವುದಿಲ್ಲ. ಒಂದು ಕೋಣೆ ನೋಡಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕುಳಿತು, ಮನಸ್ಸಾದರೆ ಮರುದಿನ ಮತ್ತೆ ಹೋಗಬಹುದು. ಇದು ನಮಗೆ ಆಗ ಹೊಳೆಯಲಿಲ್ಲ.

ಎರಡನೆಯದು, ಇಳಿದುಕೊಳ್ಳುವ ಜಾಗ. ನೀನು ನೋಡಿಟ್ಟಿರುವ ದೂರದ ಹೋಟೆಲು ಅಗ್ಗವಿರಬಹುದು, ಆದರೆ ನಾಲ್ಕು ದಿನದಲ್ಲಿ ದಿನಕ್ಕೆ ಎರಡು ಗಂಟೆ ಓಡಾಟಕ್ಕೇ ಹೋದರೆ ಒಂದು ಹಗಲೇ ಕಳೆದಂತೆ. ಬ್ಲೂಮ್ಸ್‌ಬರಿಯಲ್ಲಿ, ರಸೆಲ್ ಸ್ಕ್ವೇರ್ ನಿಲ್ದಾಣದ ಸುತ್ತಮುತ್ತ, ಚಿಕ್ಕದಾದರೂ ಒಂದು ಕೋಣೆ ಹಿಡಿ. ಮ್ಯಾಂಚೆಸ್ಟರಿನ ರೈಲು ಬಂದು ನಿಲ್ಲುವ ಯೂಸ್ಟನ್ ಅಲ್ಲಿಂದ ನಡೆಯುವ ದೂರ. ಬ್ರಿಟಿಷ್ ಮ್ಯೂಸಿಯಂ ಇನ್ನೂ ಹತ್ತಿರ. ಪಿಕಡಿಲಿ ಮಾರ್ಗದ ರೈಲು ಹತ್ತಿದರೆ ಬದಲಾಯಿಸುವ ಗೋಜಿಲ್ಲದೆ ಸೌತ್ ಕೆನ್ಸಿಂಗ್ಟನ್ನಿಗೂ, ಕೊನೆಯ ದಿನ ಹೀತ್ರೂ ವಿಮಾನ ನಿಲ್ದಾಣಕ್ಕೂ ನೇರವಾಗಿ ಹೋಗಬಹುದು. ಯೂಸ್ಟನ್ನಿನ ಮಗ್ಗುಲಲ್ಲೇ ಡ್ರಮಂಡ್ ಸ್ಟ್ರೀಟ್ ಎಂಬ ಬೀದಿಯಿದೆ. ಅಲ್ಲಿ ಸಸ್ಯಾಹಾರದ ಭಾರತೀಯ ಹೋಟೆಲುಗಳಿವೆ. ಬುಧವಾರ ರಾತ್ರಿ ರೈಲಿಳಿದವಳು ಮೊದಲು ಅಲ್ಲಿ ಊಟ ಮಾಡಿಕೊಂಡು ಕೋಣೆಗೆ ಹೋಗು.

ಗುರುವಾರ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗು, ಆದರೆ ಎರಡೇ ವಸ್ತುಗಳಿಗಾಗಿ ಹೋಗು. ಒಂದು, ನಾಲ್ಕನೆಯ ಕೋಣೆಯ ರೊಸೆಟ್ಟಾ ಶಿಲೆ, ಪುರಾತನ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಕೀಲಿಯಾದ ಕಲ್ಲು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದದ್ದರಿಂದ ಅದು ಫ್ರೆಂಚರ ಕೈಗೆ ಸಿಕ್ಕಿತು. ಅದೇ ನೆಪೋಲಿಯನ್ನನ ಹೆದರಿಕೆ, ಫ್ರೆಂಚರೂ ಟಿಪ್ಪುವೂ ಒಂದಾದಾರೆಂಬ ಆತಂಕ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಬರಲು ಮುಖ್ಯ ಕಾರಣಗಳಲ್ಲಿ ಒಂದು. 1799ರ ಮೇ 4ರಂದು ಟಿಪ್ಪು ಸತ್ತ. ಅದೇ ವರ್ಷದ ಜುಲೈನಲ್ಲಿ ಆ ಶಿಲೆ ಮಣ್ಣಿನಿಂದ ಮೇಲೆದ್ದಿತು. ನೀನು ನೋಡುವ ಶಿಲೆಯೂ ಮರುದಿನ ನೋಡುವ ಹುಲಿಯೂ ಒಂದೇ ಯುದ್ಧದ ಎರಡು ತುದಿಗಳಿಂದ ಈ ಊರಿಗೆ ಬಂದವು. ಇನ್ನೊಂದು, 33ಎ ಕೋಣೆಯಲ್ಲಿರುವ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳು. ಕೃಷ್ಣಾ ನದಿಯ ದಡದಿಂದ ಅಷ್ಟು ದೂರ ಹೋದ ಆ ಕಲ್ಲುಗಳ ಮುಂದೆ ಒಂದು ಗಂಟೆಯಾದರೂ ಇರು. ಮಮ್ಮಿಗಳ ಕೋಣೆಯ ನೂಕುನುಗ್ಗಲನ್ನು ಬಿಟ್ಟರೂ ನಷ್ಟವಿಲ್ಲ.

ಶುಕ್ರವಾರ ಹಗಲು ವೆಸ್ಟ್‌ಮಿನ್‌ಸ್ಟರಿನಲ್ಲಿ ಇಳಿದು, ಸೇತುವೆ ದಾಟಿ, ಥೇಮ್ಸ್ ನದಿಯ ಆಚೆ ದಡದಲ್ಲಿ ದಕ್ಷಿಣಕ್ಕೆ ನಡೆ. ಪಾರ್ಲಿಮೆಂಟಿನ ಎದುರು ದಡದ ಉದ್ದನೆಯ ಗೋಡೆಯ ತುಂಬ ಕೆಂಪು ಹೃದಯಗಳನ್ನು ಕೈಯಿಂದಲೇ ಬರೆದಿದ್ದಾರೆ. ಆ ದೇಶದಲ್ಲಿ ಕೋವಿಡ್ಡಿನಿಂದ ಸತ್ತ ಒಬ್ಬೊಬ್ಬರಿಗೂ ಒಂದೊಂದು. 2021ರಲ್ಲಿ ಮೂಡಿದ ಆ ಗೋಡೆ ನಾವು ಹೋದಾಗ ಇರಲಿಲ್ಲ. ಅದನ್ನು ದಾಟಿ, ಲ್ಯಾಂಬೆತ್ ಸೇತುವೆಯನ್ನು ಹತ್ತದೆ ಅದೇ ದಡದಲ್ಲಿ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ನಿನ್ನ ಅಪ್ಪ ಅಲ್ಲಿ ಚಪ್ಪಲಿ ಬಿಟ್ಟು ನಿಂತು ಒಂದು ವಚನ ಹೇಳಿದ್ದರು. ನೀನೂ ಒಂದನ್ನು ಹೇಳಿದರೆ ಅವರಿಗೆ ಸಂತೋಷವಾಗುತ್ತದೆ. ಆಮೇಲೆ ಕೋಣೆಗೆ ಮರಳಿ ವಿಶ್ರಾಂತಿ ಪಡೆದು, ಸಂಜೆ ಹುಲಿಯನ್ನು ನೋಡಲು ಹೊರಡು. ಶುಕ್ರವಾರಗಳಂದು ಆ ಮ್ಯೂಸಿಯಂ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಇದೊಂದು ವಿಷಯ ಗೊತ್ತಿದ್ದಿದ್ದರೆ ನಮ್ಮ ಮಂಗಳವಾರದ ಓಟ ತಪ್ಪುತ್ತಿತ್ತು.

ಶನಿವಾರಕ್ಕೆ ಟ್ರಾಫಲ್ಗರ್ ಸ್ಕ್ವೇರಿನಿಂದ 15ನೇ ನಂಬರಿನ ಬಸ್ಸು ಹಿಡಿದು, ಮಹಡಿ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತುಕೋ. ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟ ಎದುರಿಗೇ ಬರುತ್ತದೆ. ಅದನ್ನು ದಾಟಿದ ಮೇಲೆ ಇಳಿದು ಲೆಡನ್‌ಹಾಲ್ ಬೀದಿಗೆ ನಡೆದು ಹೋಗು. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಅಲ್ಲಿತ್ತು, 1808ರಿಂದ ಹುಲಿಯನ್ನು ಜನರಿಗೆ ತೋರಿಸಲು ಇಟ್ಟದ್ದೂ ಅಲ್ಲಿಯೇ. ಈಗ ಆ ಜಾಗದಲ್ಲಿ ಲಾಯ್ಡ್ಸ್ ಎಂಬ ವಿಮಾ ಸಂಸ್ಥೆಯ ಕಟ್ಟಡ ನಿಂತಿದೆ. ರಜೆಯ ದಿನ ಆ ಬೀದಿ ಬಿಕೋ ಎನ್ನುತ್ತಿರುತ್ತದೆ; ನಿಂತು ಯೋಚಿಸಲು ಅಡ್ಡಿಯಿಲ್ಲ. ನಿನ್ನ ಪಟ್ಟಿಯಲ್ಲಿ ಅದೇ ದಿನ ಲಂಡನ್ ಟವರೂ ಗ್ರೀನಿಚ್ಚೂ ಇವೆ. ಎರಡರಲ್ಲಿ ಒಂದನ್ನು ಬಿಡಲೇಬೇಕು, ನಾನಾದರೆ ಟವರನ್ನು ಬಿಡುತ್ತೇನೆ. ಕೊಹಿನೂರ್ ಇರುವುದು ಅಲ್ಲಿಯೇ ನಿಜ, ಆದರೆ ಉದ್ದನೆಯ ಸಾಲಿನಲ್ಲಿ ಕಾದು, ಕೊನೆಗೆ ಚಲಿಸುವ ಪಟ್ಟಿಯ ಮೇಲೆ ನಿಂತು ಸಾಗುತ್ತಾ ಕಿರೀಟಗಳನ್ನು ನೋಡುವುದು ನನಗೆ ಹಿಡಿಸಲಿಲ್ಲ. ಟವರನ್ನು ಹೊರಗಿನಿಂದ ನೋಡಿ, ಪಕ್ಕದ ದೋಣಿಗಟ್ಟೆಯಿಂದ ಗ್ರೀನಿಚ್ಚಿಗೆ ದೋಣಿ ಹತ್ತು. ಭಾನುವಾರ ರಾತ್ರಿ ನಿನ್ನ ವಿಮಾನ. ಆ ಹಗಲನ್ನು ಖಾಲಿ ಬಿಡು. ಮನಸ್ಸು ಎಲ್ಲಿಗೆ ಮರಳಿ ಹೋಗಬೇಕೆನ್ನುತ್ತದೆಯೋ ಅಲ್ಲಿಗೆ ಹೋಗು.

ಪ್ಯಾರಿಸ್ಸನ್ನು ಒಂದು ದಿನದಲ್ಲಿ ಮುಗಿಸಿ ಬರುವ ಆಲೋಚನೆಯನ್ನು ದಯವಿಟ್ಟು ಬಿಡು. ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ, ಅದಕ್ಕೆ ಷೆಂಗೆನ್ ವೀಸಾ ಬೇರೆಯಾಗಿ ಬೇಕು. ಸ್ಟೋನ್‌ಹೆಂಜ್ ಕೂಡ ಹೋಗಿಬರುವುದರಲ್ಲೇ ಒಂದು ದಿನವನ್ನು ನುಂಗುತ್ತದೆ. ಮೇಣದ ಗೊಂಬೆಗಳ ಮ್ಯೂಸಿಯಮ್ಮನ್ನು ನಾನು ಪಟ್ಟಿಯಿಂದ ಹೊಡೆದು ಹಾಕಿದ್ದೇನೆ.

ಸಣ್ಣ ವಿಷಯಗಳೂ ಕೆಲವಿವೆ. ಲಂಡನ್ನಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಬ್ಯಾಂಕ್ ಕಾರ್ಡನ್ನೇ ತಾಗಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ, ನೆಲದಡಿಯ ರೈಲಿಗೆ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಾಗಿಸು. ಒಮ್ಮೆ ಕಾರ್ಡು, ಒಮ್ಮೆ ಫೋನು ಎಂದು ಬದಲಾಯಿಸಬೇಡ, ದಿನದ ಗರಿಷ್ಠ ದರದ ಲೆಕ್ಕ ತಪ್ಪುತ್ತದೆ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಂತು, ಅವಸರದವರಿಗೆ ಎಡಬದಿ ಬಿಡಬೇಕು. ನಲ್ಲಿಯ ನೀರನ್ನು ಧೈರ್ಯವಾಗಿ ಕುಡಿಯಬಹುದು, ಬಾಟಲಿ ಜೊತೆಗಿರಲಿ. ಮೂರು ಚಪ್ಪಟೆ ಕಡ್ಡಿಗಳ ಪ್ಲಗ್ಗು ಅಲ್ಲಿಯದು. ಅಡಾಪ್ಟರನ್ನು ಇಲ್ಲಿಂದಲೇ ಒಯ್ದಿದ್ದೀಯಲ್ಲ? ಹೊಸ ಶೂ ಹಾಕಿಕೊಂಡು ನಡೆಯಬೇಡ.

ಗ್ರೀನಿಚ್ಚಿನಲ್ಲಿ ಸೊನ್ನೆ ರೇಖಾಂಶದ ಗೆರೆಯ ಮೇಲೆ ನಿಂತಾಗ ನಮ್ಮ ಗಡಿಯಾರವನ್ನು ನೆನೆದುಕೋ. 1884ರಲ್ಲಿ ಜಗತ್ತು ಒಪ್ಪಿದ ಆ ಗೆರೆಯಿಂದ ನಮ್ಮ ಸಮಯ ಐದೂವರೆ ಗಂಟೆ ಮುಂದೆ. ಆದರೆ ನೀನು ಅಲ್ಲಿರುವ ಅಕ್ಟೋಬರ್ ಮಧ್ಯದಲ್ಲಿ ಅವರ ಬೇಸಿಗೆಯ ಗಡಿಯಾರ ಇನ್ನೂ ನಡೆಯುತ್ತಿರುವುದರಿಂದ ವ್ಯತ್ಯಾಸ ನಾಲ್ಕೂವರೆಯೇ. ಶುಕ್ರವಾರ ರಾತ್ರಿ ಎಂಟಕ್ಕೆ ನೀನು ಹುಲಿಯ ಮುಂದೆ ನಿಂತಿರುವಾಗ ಇಲ್ಲಿ ಹನ್ನೆರಡೂವರೆ. ನಾನು ಎಚ್ಚರವಾಗಿರುತ್ತೇನೆ, ವಿಡಿಯೋ ಕರೆ ಮಾಡು. ಮೊದಲು ಆ ಗುಂಡಿಗಳಿರುವ ಮಗ್ಗುಲಿಗೆ ಹೋಗಿ ನಿಲ್ಲು.

ನಿನ್ನ ಅಮ್ಮ