ಹೋಗ್ಲಿ ಬಿಡು ಮೇಷ್ಟ್ರೇ

ಲೋ ಮೇಷ್ಟ್ರೇ,

ನಿನ್ನೆ ಫೋನಲ್ಲಿ ನೀನಾಡಿದ ಮಾತು ಕೇಳಿ ರಾತ್ರಿ ನಿದ್ದೆ ಬರ್ಲಿಲ್ಲ ಅಂತೇನಿಲ್ಲ, ನಿದ್ದೆ ಚೆನ್ನಾಗೇ ಬಂತು, ಆದ್ರೆ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಕೂತಾಗ ಅದೇ ತಲೇಲಿ ಸುತ್ತೋಕೆ ಶುರುವಾಯ್ತು. "ನನ್ ಕೈಲಿ ಏನೂ ಆಗಲ್ಲ ಕಣೋ, ಹುಟ್ಟುಗುಣ ಸುಟ್ರೂ ಹೋಗಲ್ಲ" ಅಂದ್ಯಲ್ಲ, ಅದು. ನೀನು ಹದಿನೇಳು ದಿನ ಐದು ಗಂಟೆಗೆ ಎದ್ದೆ, ತಂಗಿ ಮಗು ನಾಮಕರಣ ಅಂತ ತಿಪಟೂರಿಗೆ ಹೋಗಿ ಎರಡು ದಿನ ತಪ್ಪಿಸ್ದೆ, ವಾಪಸ್ ಬಂದು ಮೂರನೇ ದಿನ ಅಲಾರಂ ಬಾಯಿ ಮುಚ್ಚಿಸಿ ಮಗ್ಗುಲು ತಿರುಗಿಸ್ದೆ, ಆಮೇಲೆ ಟಿಕ್ ಹಾಕ್ತಿದ್ದ ಕ್ಯಾಲೆಂಡರ್‌ನೇ ಗೋಡೆಯಿಂದ ಕಿತ್ತು ಬೀರು ಹಿಂದೆ ತಳ್ಳಿದೆ. ಇಷ್ಟೇ ತಾನೇ ನಡೆದಿರೋದು? ಇದಕ್ಕೆ ಹುಟ್ಟುಗುಣದ ಮಾತ್ಯಾಕೆ? ರಾತ್ರಿ ಒಂದು ಗಂಟೆವರೆಗೂ ರೀಲ್ಸ್ ನೋಡೋದು ಹುಟ್ಟುತ್ತಾ ಬಂತಾ ನಿಂಗೆ, ನಾವು ಹುಟ್ಟಿದಾಗ ಊರಲ್ಲಿ ಫೋನ್ ಇದ್ದಿದ್ದೇ ಪೋಸ್ಟಾಫೀಸಲ್ಲಿ ಒಂದು.

ಇನ್ನೊಂದು ಮಾತು ಅಂದೆ, "21 ದಿನಾನೂ ತುಂಬಲಿಲ್ಲ" ಅಂತ. ಆ ವಾಟ್ಸಾಪ್ ಫಾರ್ವರ್ಡ್ ನಂಗೂ ಹತ್ತು ಸಲ ಬಂದಿದೆ, 21 ದಿನ ಮಾಡಿದ್ರೆ ಯಾವ ಅಭ್ಯಾಸ ಆದ್ರೂ ಅಂಟ್ಕೊಳ್ಳುತ್ತೆ ಅಂತ. ಅದರ ಮೂಲ ಎಲ್ಲಿದೆ ಗೊತ್ತಾ, ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದ, 1960ರಲ್ಲಿ ಒಂದು ಪುಸ್ತಕ ಬರೆದ, ಮೂಗು ಸರಿ ಮಾಡಿಸ್ಕೊಂಡ ಪೇಷಂಟ್‌ಗಳಿಗೆ ಕನ್ನಡೀಲಿ ಹೊಸ ಮುಖ ತಮ್ಮದು ಅನ್ನಿಸೋಕೆ ಕಡಿಮೆ ಅಂದ್ರೂ 21 ದಿನ ಬೇಕಾಗುತ್ತೆ ಅನ್ನೋ ಥರ ಬರೆದಿದ್ದ. ಮೂಗಿನ ಲೆಕ್ಕ ತಂದು ನಿನ್ನ ಅಲಾರಂಗೆ ಹಚ್ಚಿದಾರೆ, ಆ "ಕಡಿಮೆ ಅಂದ್ರೂ" ಅನ್ನೋದು ದಾರೀಲಿ ಎಲ್ಲೋ ಬಿದ್ದೋಯ್ತು.

ನಿಜವಾಗಿ ಕೂತು ಎಣಿಸಿದೋರು ಬೇರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪಾ ಲಾಲಿ ಅಂತ, ಅವರ ತಂಡ 96 ಜನರನ್ನ 84 ದಿನ ನೋಡ್ತು, ತಿಂಡಿ ಆದ್ಮೇಲೆ ಒಂದು ಲೋಟ ನೀರು ಕುಡಿಯೋದು, ರಾತ್ರಿ ಊಟಕ್ಕೆ ಮುಂಚೆ ಹದಿನೈದು ನಿಮಿಷ ಓಡೋದು, ಇಂಥ ಒಂದೊಂದು ಕೆಲಸ ಅವರವರೇ ಆರಿಸ್ಕೊಂಡಿದ್ದು. ಯೋಚನೇನೇ ಮಾಡದೆ ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ನಡುವಿನ ಲೆಕ್ಕ 66 ದಿನ. ಒಬ್ಬರಿಗೆ 18 ದಿನಕ್ಕೇ ಆಯ್ತು, ಇನ್ನೊಬ್ಬರಿಗೆ 254 ಬೇಕು ಅಂತ ಗ್ರಾಫ್ ಎಳೆದು ಅಂದಾಜು ಮಾಡಿದ್ರು (ಅಷ್ಟು ದಿನ ಯಾರೂ ಕಾದು ಕೂತಿರ್ಲಿಲ್ಲ, ನೀನು ಗಣಿತದೋನು, ಅದ್ನ ಕೇಳೇ ಕೇಳ್ತೀಯ ಅಂತ ಮೊದಲೇ ಹೇಳ್ತಿದೀನಿ). ನಂಗೆ ಅದರಲ್ಲಿ ತುಂಬ ಹಿಡಿಸಿದ್ದು ಬೇರೆ ವಿಷ್ಯ. ನಡುವೆ ಒಂದು ದಿನ ತಪ್ಪಿದ್ರೆ ಆ ಗ್ರಾಫ್‌ಗೆ ಹೇಳಿಕೊಳ್ಳೋ ಅಂಥ ಏನೂ ಆಗಲ್ಲ, ಮಾರನೇ ದಿನ ಮಾಡಿದ್ರೆ ಅದು ಎಲ್ಲಿತ್ತೋ ಅಲ್ಲಿಂದಾನೇ ಮುಂದಕ್ಕೆ ಹೋಗುತ್ತೆ. ಅಂದ್ರೆ ತಿಪಟೂರು ನಿನ್ನನ್ನ ಕೆಡಿಸ್ಲಿಲ್ಲ ಮಾರಾಯ. ಒಬ್ಬಟ್ಟು ತಿಂದಿದ್ದೂ ಕೆಡಿಸ್ಲಿಲ್ಲ. ಕೆಡಿಸಿದ್ದು ವಾಪಸ್ ಬಂದ್ಮೇಲೆ ನಿಂಗೆ ನೀನೇ ಬೈಕೊಂಡ ಬೈಗುಳ.

ಇದು ನಂಗೆ ಹೆಂಗೆ ಗೊತ್ತು ಅಂದ್ರೆ, ನಾನು ನಿನಗಿಂತ ದೊಡ್ಡ ಆರಂಭಶೂರ. ಹೋದ ವರ್ಷ ಡಿಸೆಂಬರಲ್ಲಿ ರಕ್ತ ಟೆಸ್ಟ್ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಶುಗರ್ (HbA1c) 6.1 ಪರ್ಸೆಂಟ್ ಬಂತು, 5.7ರಿಂದ 6.4ರವರೆಗೆ ಇದ್ರೆ ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಅಂತ ಅರ್ಥ, ಇನ್ನೂ ಒಳಗೆ ಬಂದಿಲ್ಲ. ಡಾಕ್ಟ್ರು ದಿನಾ ನಡೀರಿ, ಸಿಹಿ ಕಡಿಮೆ ಮಾಡಿ ಅಂದ್ರು ಅಷ್ಟೇ. ನಾನೇನ್ ಮಾಡ್ದೆ? ಜನವರಿ ಒಂದನೇ ತಾರೀಕು ಬೆಳಗಾಗೋ ಮುಂಚೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಲು ಹತ್ತೋಕೆ ಹೋದೆ. ನಂದಿ ಹತ್ರ ಬರೋ ಹೊತ್ತಿಗೆ ಜೀವ ಬಾಯಿಗೆ ಬಂದಿತ್ತು, ಆದ್ರೂ ಬಿಡ್ಲಿಲ್ಲ, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ ಹಂಗೆ, ಮಾರನೇ ದಿನಾನೂ ಹೋದೆ, ಮೂರನೇ ದಿನ ಮಂಡಿ ಊದ್ಕೊಂಡು ಬಾತ್‌ರೂಮಿಗೆ ಹೋಗೋಕೆ ಗೋಡೆ ಹಿಡಿಯೋ ಪರಿಸ್ಥಿತಿ. ನಾಲ್ಕನೇ ದಿನ ಸಂಜೆ ಆಫೀಸ್ ಎದುರಿನ ಬೇಕರೀಲಿ ನಿಂತು ಎರಡು ಹನಿ ಕೇಕ್ ತಿಂದೆ. ಒಂದಲ್ಲ, ಎರಡು. ಯಾಕೆ ಎರಡು ಅಂದ್ರೆ ಒಂದು ತಿಂದ್ಮೇಲೆ ಒಳಗಿಂದ ಒಂದು ದನಿ ಬಂತು ನೋಡು, "ಹೆಂಗೂ ಕೆಟ್ಟಾಯ್ತು, ಹಾಳಾಗಿ ಹೋಗ್ಲಿ, ಇನ್ನೊಂದು ಕೊಡ್ರೀ" ಅಂತ.

ಆ "ಹಾಳಾಗಿ ಹೋಗ್ಲಿ" ಇದೆಯಲ್ಲ, ಅದರ ಮೇಲೆ ಟೊರಾಂಟೋದಲ್ಲಿ ಇಬ್ಬರು ಎಷ್ಟೋ ವರ್ಷ ಸಂಶೋಧನೆ ಮಾಡಿದಾರೆ ಕಣೋ, ಜಾನೆಟ್ ಪೊಲಿವಿ, ಪೀಟರ್ ಹರ್ಮನ್ ಅಂತ. ಡಯಟ್ ಮಾಡೋರು ಒಂದು ತುತ್ತು ತಪ್ಪಿದ ಕೂಡ್ಲೇ ಪೂರ್ತಿ ಲಗಾಮು ಬಿಟ್ಟು ತಿಂತಾರೆ ಅನ್ನೋದನ್ನ ನೋಡಿ ಅದಕ್ಕೆ ಅವರು ಇಟ್ಟ ಹೆಸರು ಇಂಗ್ಲಿಷಲ್ಲಿ ಹೆಚ್ಚುಕಮ್ಮಿ ಇದೇ ಬೈಗುಳಾನೇ. ಆಮೇಲೆ 2007ರಲ್ಲಿ ಆಡಮ್ಸ್ ಮತ್ತೆ ಲಿಯರಿ ಅಂತ ಇಬ್ಬರು ಇನ್ನೊಂದು ಮಾಡಿದ್ರು. ತಿನ್ನೋದ್ರಲ್ಲಿ ಹಿಡಿತ ಇಟ್ಕೊಂಡಿರೋ ಕಾಲೇಜು ಹುಡುಗೀರಿಗೆ ಡೋನಟ್ ತಿನ್ನಿಸಿ, ಕೆಲವರಿಗೆ ಮಾತ್ರ "ಇದನ್ನ ಎಲ್ಲರೂ ತಿಂತಾರಮ್ಮ, ಅದಕ್ಕೆ ಮನಸ್ಸಿಗೆ ಹಚ್ಕೋಬೇಡ" ಅನ್ನೋ ಅರ್ಥದಲ್ಲಿ ಒಂದೆರಡು ಮಾತು ಹೇಳಿದ್ರು, ಆಮೇಲೆ ರುಚಿ ನೋಡಿ ಹೇಳಿ ಅಂತ ಚಾಕೊಲೇಟ್ ಬಟ್ಟಲು ಮುಂದಿಟ್ರು. ಸಮಾಧಾನದ ಮಾತು ಕೇಳಿಸ್ಕೊಂಡೋರು ಕಡಿಮೆ ತಿಂದ್ರು! ನಮ್ಮ ಮನೇಲಿ ಬೈದ್ರೇನೇ ಬುದ್ಧಿ ಬರೋದು ಅಂತ ಬೆಳೆಸಿದ್ದಲ್ವಾ, ಇದನ್ನ ಓದಿದಾಗ ನಂಗೆ ನಂಬೋಕೆ ಸ್ವಲ್ಪ ಟೈಮ್ ಹಿಡೀತು.

ನೀನೀಗ ಏನಂತೀಯ ಗೊತ್ತು, "ಇದು ಸೋಮಾರಿಗಳಿಗೆ ಒಳ್ಳೆ ನೆಪ ಆಯ್ತು" ಅಂತ. ಅದಕ್ಕೇ ಹೇಳ್ತೀನಿ ಕೇಳು. ನಮ್ಮ ಭಾಷೇಲಿ "ಹೋಗ್ಲಿ" ಅನ್ನೋದು ಎರಡಿದೆ. ಒಂದು "ಹಾಳಾಗಿ ಹೋಗ್ಲಿ", ಅದರಲ್ಲಿ ಕೆಲಸಾನೂ ಹೋಯ್ತು, ನಾನೂ ಹೋದೆ. ಇನ್ನೊಂದು "ಹೋಗ್ಲಿ ಬಿಡು", ಅದರಲ್ಲಿ ಹೋಗೋದು ಆಗಿಹೋದ ತಪ್ಪು ಮಾತ್ರ, ಆಳು ಹಂಗೇ ಇರ್ತಾನೆ. ಅಜ್ಜಿ ಲೋಟ ಒಡೆದಾಗ "ಹೋಗ್ಲಿ ಬಿಡು, ಕಾಲಿಗೆ ಚುಚ್ಚುತ್ತೆ, ಪೊರಕೆ ತಗೊಂಬಾ" ಅಂತಿದ್ಲಲ್ಲ, ಅದರಲ್ಲಿ ಸೋಮಾರಿತನ ಎಲ್ಲಿತ್ತು, ಮರುಕ್ಷಣ ಗುಡಿಸೋ ಕೆಲಸ ಇತ್ತು.

ನೀನಂತೂ ಇದನ್ನ ಕ್ಲಾಸಲ್ಲಿ ದಿನಾ ಮಾಡ್ತೀಯ. ನೀನೇ ಹೇಳಿದ್ದು, ರಾಗಿ ಕೊಯ್ಲು ಅಂತ ಹತ್ತು ದಿನ ಸ್ಕೂಲಿಗೆ ಬರದೇ ಇದ್ದ ಹುಡುಗ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ, ನೀನು ಯಾಕೋ ಬರ್ಲಿಲ್ಲ ಅಂತಾನೂ ಕೇಳ್ದೆ "ಬಾ, ಕೂತ್ಕೋ, ಭಿನ್ನರಾಶಿ ನಡೀತಿದೆ" ಅಂದೆ, ಪಕ್ಕದೋನ ನೋಟ್ಸ್ ಕೊಡಿಸ್ದೆ. ಅವನು ಎಸ್ಸೆಸ್ಸೆಲ್ಸಿ ಪಾಸಾದ. ಹತ್ತು ದಿನ ತಪ್ಪಿಸಿದೋನಿಗೆ ಕೂತ್ಕೋ ಅಂದ ಮನುಷ್ಯ, ಎರಡು ದಿನ ತಪ್ಪಿಸಿದೋನನ್ನ ಕ್ಲಾಸಿಂದಾನೇ ಆಚೆ ಹಾಕಿದ್ದೀಯ, ಯಾಕಂದ್ರೆ ಅವನು ನೀನೇ ಅಂತ.

ಟೆಕ್ಸಾಸಲ್ಲಿ ಕ್ರಿಸ್ಟಿನ್ ನೆಫ್ ಅಂತ ಒಬ್ಬ ಪ್ರೊಫೆಸರ್ 2003ರಲ್ಲಿ ಇದನ್ನ ಅಳೆಯೋಕೆ ಒಂದು ಪ್ರಶ್ನಾವಳೀನೇ ಮಾಡಿದಾರೆ, ಸೆಲ್ಫ್ ಕಂಪ್ಯಾಷನ್ ಅಂತ. ಕನ್ನಡದಲ್ಲಿ ಸ್ವಾನುಕಂಪ ಅಂದ್ರೆ ಗೋಳು ಹೇಳ್ಕೊಂಡು ಅಳೋ ಥರ ಕೇಳ್ಸುತ್ತೆ, ಅದು ಬೇಡ. ಅವರು ಹೇಳೋದ್ರಲ್ಲಿ ಬೈಕೊಳ್ಳೋದ್ ಬಿಡು ಅನ್ನೋದೂ ಇದೆ, ಊರಿಗೆಲ್ಲಾ ಆಗೋದು ನಂಗೂ ಆಯ್ತು ಅನ್ನೋದೂ ಇದೆ, ಆಗಿದ್ದನ್ನ ಆದಷ್ಟೇ ನೋಡೋದು, ಗುಡ್ಡ ಮಾಡದೆ, ಅನ್ನೋದೂ ಇದೆ. ಈ ಕೊನೇದೇ ಮೈಂಡ್‌ಫುಲ್‌ನೆಸ್. ಇದಕ್ಕೆ ಕಣ್ಮುಚ್ಚಿ ಕೂರ್ಲೇಬೇಕು ಅಂತೇನಿಲ್ಲ. ನಮ್ಮಮ್ಮ ಹಾಲು ಉಕ್ಕಿಸಿದಾಗೆಲ್ಲ "ಗ್ಯಾನ ಎಲ್ಲಿಟ್ಟಿದ್ದೆ?" ಅಂತ ಕೇಳ್ತಿದ್ರು, ಅದೇ ಗ್ಯಾನ.

ನಾನು ಆ ಗ್ಯಾನ ಇಟ್ಟಿದ್ದು ಹನಿ ಕೇಕ್ ಮೇಲೆ. ಮ್ಯಾಸಚೂಸೆಟ್ಸಲ್ಲಿ ಜಾನ್ ಕಬಾಟ್-ಜಿನ್ ಅಂತ, 1979ರಲ್ಲಿ ಆಸ್ಪತ್ರೇಲಿ ರೋಗಿಗಳಿಗೆ ಅಂತ ಧ್ಯಾನದ ಕ್ಲಾಸ್ ಶುರು ಮಾಡಿದ್ರು, ಅದರಲ್ಲಿ ಒಂದೇ ಒಂದು ಒಣದ್ರಾಕ್ಷೀನ ನೋಡಿ ಮೂಸಿ ನಿಧಾನ ಅಗಿದು ತಿನ್ನೋ ಪಾಠ ಇದೆ. ದ್ರಾಕ್ಷಿ ನಂಗೆ ಸಮಸ್ಯೆ ಅಲ್ವಲ್ಲ, ಹಂಗಾಗಿ ಕೇಕ್‌ನೇ ತಗೊಂಡು ಬೇಕರಿ ಪಕ್ಕದ ಕಟ್ಟೆ ಮೇಲೆ ಕೂತೆ, ಫೋನ್ ಜೇಬಲ್ಲಿಟ್ಟೆ. ಮೇಲಿನ ಕೆಂಪು ಜಾಮು, ಅದರ ಮೇಲೆ ಉದುರಿಸಿದ ಕೊಬ್ಬರಿ ಪುಡಿ, ಮೊದಲನೇ ತುಂಡು ಸ್ವರ್ಗ ಕಣೋ ಸುಳ್ಳು ಹೇಳಲ್ಲ, ಎರಡನೇದೂ ಪರವಾಗಿಲ್ಲ. ಮೂರನೇದಕ್ಕೆ ರುಚಿ ಇಲ್ಲ, ಬರೀ ಅಂಟು, ಸಕ್ಕರೆ ಪಾಕ ಅಂಗುಳಕ್ಕೆ ಮೆತ್ಕೊಂಡು ನೀರು ಬೇಕು ಅನ್ಸುತ್ತೆ. ಆದ್ರೂ ಕೈ ತಾನಾಗೇ ನಾಲ್ಕನೇದಕ್ಕೆ ಹೋಗ್ತಿತ್ತು! ಹನ್ನೆರಡು ವರ್ಷದಿಂದ ತಿಂತಿದೀನಿ, ಇದು ಅವತ್ತೇ ಗೊತ್ತಾಗಿದ್ದು. ಉಳಿದಿದ್ದನ್ನ ಕಾಗೆಗೆ ಹಾಕ್ದೆ. ಅವತ್ತಿಂದ ಬಿಟ್ಟುಬಿಟ್ಟೆ ಅಂತಲ್ಲ, ವಾರಕ್ಕೊಂದ್ಸಲ ಇದೆ, ಒಬ್ಬರ ಜೊತೆ ಬೈಟೂ.

ಬೇರೆ ದಿನ ನಾಲ್ಕೂವರೆಗೆ ಆಸೆ ಬರುತ್ತೆ, ಎದೆ ಹತ್ರ ಒಂಥರಾ ಎಳೆತ, ಬಾಯಲ್ಲಿ ನೀರು. ಅದನ್ನ ಅಲೆ ಥರ ನೋಡು ಅಂತ ಅಲನ್ ಮಾರ್ಲಟ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಸಿಗರೇಟು, ಕುಡಿತ ಬಿಡೋರಿಗೆ ಹೇಳ್ಕೊಡ್ತಿದ್ದ. ತಡೀಬೇಡ, ಓಡ್ಬೇಡ, ಏಳೋದನ್ನ ನೋಡು, ಇಳಿಯೋದನ್ನೂ ನೋಡು. ಕೆಲವು ದಿನ ಇಳಿಯುತ್ತೆ. ಕೆಲವು ದಿನ ನಾನೇ ಮುಳುಗ್ತೀನಿ, ಅವತ್ತು ಅಜ್ಜಿ ದನೀಲಿ ಹೋಗ್ಲಿ ಬಿಡು ಅಂದ್ಕೊಂಡು ಮನೆಗೆ ಹೋಗ್ತೀನಿ, ಎರಡನೇದು ತಗೊಳಲ್ಲ. ನಿನ್ನ ರೀಲ್ಸಿಗೂ ಇದನ್ನ ಒಂದ್ಸಲ ಮಾಡಿ ನೋಡು, ಹೆಬ್ಬೆರಳು ಮೇಲಕ್ಕೆ ತಳ್ಳೋ ಮುಂಚೆ ಈಗ ನೋಡಿದ್ದು ಏನು ಅಂತ ನಿನ್ನನ್ನ ನೀನೇ ಕೇಳು, ಅರ್ಧಕ್ಕರ್ಧ ಜ್ಞಾಪಕಾನೇ ಇರಲ್ಲ.

ನಡಿಗೆ ವಿಷ್ಯ. ಮಂಡಿ ಸರಿ ಹೋಗೋಕೆ ತಿಂಗಳು ಹಿಡೀತು, ಆಮೇಲೆ ಬೆಟ್ಟದ ಸಹವಾಸ ಬಿಟ್ಟೆ. ಮಗಳನ್ನ 7:40ಕ್ಕೆ ಸ್ಕೂಲ್ ಬಸ್ ಹತ್ತಿಸೋಕೆ ದಿನಾ ರೋಡಿಗೆ ಹೋಗೇ ಹೋಗ್ತೀನಿ, ಚಪ್ಪಲಿ ಮೆಟ್ಕೊಂಡು ಹೋಗ್ತಿದ್ದೆ, ಚಪ್ಪಲಿ ಬದಲು ಶೂ ಹಾಕ್ಕೊಂಡೆ. ಇಷ್ಟೇ ನಾನು ಮಾಡಿದ ಬದಲಾವಣೆ. ಬಸ್ ಹೋದ್ಮೇಲೆ ಹೆಂಗೂ ಶೂ ಇದೆಯಲ್ಲ ಅಂತ ಕುಕ್ಕರಹಳ್ಳಿ ಕೆರೆ ಕಡೆ ಹತ್ತು ನಿಮಿಷ, ಆಮೇಲೆ ಇಪ್ಪತ್ತು, ಈಗ ಭಾನುವಾರ ಪೂರ್ತಿ ಒಂದು ಸುತ್ತು. ಕುವೆಂಪು ನಡೀತಿದ್ದ ಏರಿ ಅದು, ನಂಗೆ ಕವಿತೆ ಗಿವಿತೆ ಏನೂ ಹುಟ್ಲಿಲ್ಲ, ಬೆವರು ಬಂತು, ಹೆಜ್ಜಾರ್ಲೆಗಳು ಮರದ ಮೇಲೆ ಕೂತು ನೋಡ್ತಿದ್ವು. ಏಪ್ರಿಲಲ್ಲಿ ಬೇಸಿಗೆ ರಜಾ ಬಂತು ನೋಡು, ಬಸ್ ಇಲ್ಲ, ಶೂ ಇಲ್ಲ, ನಡಿಗೇನೂ ಇಲ್ಲ, ಒಂಬತ್ತು ದಿನ ಗೊತ್ತೇ ಆಗ್ದೆ ಕಳೆದೋಯ್ತು. ನಡಿಗೆ ನನ್ನ ಛಲದ ಮೇಲೆ ನಿಂತಿಲ್ಲ, ಬಸ್ಸಿನ ಮೇಲೆ ನಿಂತಿದೆ ಅಂತ ಅವಾಗ ಅರ್ಥ ಆಯ್ತು, ನಗೂನೂ ಬಂತು. ಹತ್ತನೇ ದಿನ ಹಾಲಿನ ಬೂತಿಗೆ ಹೋಗೋವಾಗ ಶೂ ಹಾಕ್ಕೊಂಡೆ. ಹಳೇ ನಾನಾಗಿದ್ರೆ ಜೂನ್ ಒಂದನೇ ತಾರೀಕಿಗೆ ಅಂತ ಮುಹೂರ್ತ ಇಟ್ಟು ಅಲ್ಲೀವರೆಗೂ ಹನಿ ಕೇಕ್ ತಿಂತಿದ್ದೆ. ಮೊನ್ನೆ ಟೆಸ್ಟಲ್ಲಿ 5.9 ಬಂದಿದೆ. ಇನ್ನೂ ಬಾಗಿಲಲ್ಲೇ ಇದೆ, ಸ್ವಲ್ಪ ಹಿಂದೆ ಸರಿದು ನಿಂತಿದೆ ಅಷ್ಟೇ.

ನಿನ್ನ ಲಿಸ್ಟ್ ನೋಡಿದ್ದೆ ನಾನು, ಐದಕ್ಕೆ ಏಳೋದು, ವಾಕಿಂಗು, ಸೂರ್ಯನಮಸ್ಕಾರ, ಡೈರಿ, ಎಂಟರ ಮೇಲೆ ಫೋನ್ ಮುಟ್ಟಂಗಿಲ್ಲ. ಮದುವೆ ಮನೆ ಸಾಮಾನು ಪಟ್ಟಿ ಥರ ಇದೆ. ನಾಲ್ಕನ್ನ ಅಟ್ಟಕ್ಕೆ ಹಾಕು. ಡೈರಿ ಒಂದು ಇಟ್ಕೋ, ಅದರ ಬಗ್ಗೆ ಮಾತಾಡೋವಾಗ ಮಾತ್ರ ನಿನ್ನ ದನೀಲಿ ಖುಷಿ ಇತ್ತು. ಐದು ಗಂಟೆಗೇ ಬರೀಬೇಕು ಅಂತೇನಿಲ್ಲ, ಸ್ಟಾಫ್ ರೂಮಲ್ಲಿ ಟೀ ಬಂದಾಗ ಎರಡು ಸಾಲು ಗೀಚು, ಟೀ ಅಂತೂ ರಜಾ ದಿನ ಬಿಟ್ರೆ ತಪ್ಪಲ್ಲ. ತಿಪಟೂರಿನ ಆ ಎರಡು ಹಾಳೆ ಖಾಲಿ ಇದ್ರೆ ಇರ್ಲಿ, ತುಂಬ್ಸೋಕೆ ಹೋಗ್ಬೇಡ, ಹರೀಲೂಬೇಡ.

ಮತ್ತೆ ಆ ಬೀರು ಹಿಂದಿನ ಕ್ಯಾಲೆಂಡರ್ ತೆಗ್ದು ಗೋಡೆಗೆ ಹಾಕೋ, ನೀನು ಟಿಕ್ ಹಾಕ್ತೀಯೋ ಬಿಡ್ತೀಯೋ, ಅಮ್ಮಂಗೆ ಏಕಾದಶಿ ಯಾವತ್ತು ಅಂತ ನೋಡೋಕಾದ್ರೂ ಬೇಕಲ್ವಾ, ಪಾಪ ಮೊನ್ನೆ ನಂಗೆ ಫೋನ್ ಮಾಡಿ ಕೇಳ್ತಿದ್ರು.

ನಿನ್ನವ,
ಹನಿ ಕೇಕ್