ನಿಮ್ಮ ಲೆಕ್ಕ ಹೊಸ ಸರ್ವರ್‌ಗೆ ಹೋಗುತ್ತಿದೆ

ಪ್ರಿಯ ಗ್ರಾಹಕರೇ,

ನಮಸ್ಕಾರ.

ಬರುವ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಯಿಂದ 4 ಗಂಟೆಯವರೆಗೆ ನಮ್ಮ ಬಿಲ್ಲಿಂಗ್ ಆ್ಯಪ್‌ನಲ್ಲಿ ಹೊಸ ಬಿಲ್ ಮಾಡಲು ಆಗುವುದಿಲ್ಲ. ಹಳೆಯ ಬಿಲ್ ನೋಡಬಹುದು, ಪ್ರಿಂಟ್ ತೆಗೆಯಬಹುದು. ಆ ಹೊತ್ತಿನಲ್ಲಿ ನಿಮ್ಮ ಲೆಕ್ಕವನ್ನೆಲ್ಲ ಈಗಿರುವ ಪ್ಲಾಟ್‌ಫಾರ್ಮ್‌ನಿಂದ ನಾವೇ ಬಾಡಿಗೆಗೆ ಹಿಡಿದಿರುವ ಸರ್ವರ್‌ಗೆ ಸಾಗಿಸುತ್ತೇವೆ. ಆ್ಯಪ್‌ನ ವಿಳಾಸ, ಲಾಗಿನ್, ಪಾಸ್‌ವರ್ಡ್ ಯಾವುದೂ ಬದಲಾಗುವುದಿಲ್ಲ. ಚಂದಾ ಹಣವೂ ಅಷ್ಟೇ ಇರುತ್ತದೆ.

ನಿಮ್ಮ ವ್ಯವಹಾರದ ಲೆಕ್ಕ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ ಅನ್ನುವುದು ನಿಮಗೆ ಗೊತ್ತಿರಬೇಕು. ಅದಕ್ಕೇ ಸ್ವಲ್ಪ ಉದ್ದದ ಪತ್ರ.

ಇಷ್ಟು ದಿನ ನಮ್ಮ ಆ್ಯಪ್ ಓಡುತ್ತಿದ್ದದ್ದು ಎಲ್ಲವನ್ನೂ ಅವರೇ ನೋಡಿಕೊಳ್ಳುವಂಥ ಒಂದು ಪ್ಲಾಟ್‌ಫಾರ್ಮ್‌ನಲ್ಲಿ. ನಾವು ಕೋಡ್ ಬರೆದು ಗಿಟ್ ಪುಷ್ (ಕೋಡನ್ನು ಸರ್ವರ್‌ಗೆ ಕಳಿಸುವ ಒಂದು ಆಜ್ಞೆ) ಕೊಟ್ಟರೆ ಆಯಿತು, ಮಿಕ್ಕಿದ್ದೆಲ್ಲ ಅವರ ಕೆಲಸ. ಈ ಪದ್ಧತಿಯನ್ನು ಜನಪ್ರಿಯ ಮಾಡಿದ್ದು 2007ರಲ್ಲಿ ಶುರುವಾದ ಹೆರೋಕು. ಆಮೇಲೆ ಅದೇ ದಾರಿಯಲ್ಲಿ ಹಲವು ಕಂಪನಿಗಳು ಬಂದವು. ಸಣ್ಣ ತಂಡಕ್ಕೆ ಇದು ನಿಜಕ್ಕೂ ದೊಡ್ಡ ಅನುಕೂಲ. ಒಂದೇ ಆ್ಯಪ್, ಕಡಿಮೆ ಬಳಕೆ, ಸರ್ವರ್ ನೋಡಿಕೊಳ್ಳಲು ಜನ ಇಲ್ಲ ಅನ್ನುವವರಿಗೆ ಇವತ್ತಿಗೂ ನಾವು ಅದನ್ನೇ ಹೇಳುತ್ತೇವೆ.

ಆದರೆ ಆ್ಯಪ್ ಬೆಳೆದ ಹಾಗೆ ಖರ್ಚು ಏರುವ ರೀತಿಯೇ ಬೇರೆ. ವೆಬ್‌ಗೆ ಒಂದು ಬಾಡಿಗೆ, ಹಿನ್ನೆಲೆ ಕೆಲಸಕ್ಕೆ ಇನ್ನೊಂದು, ಡೇಟಾಬೇಸ್‌ಗೆ ಮತ್ತೊಂದು. ತಾತ್ಕಾಲಿಕ ಮಾಹಿತಿಯನ್ನು ಮೆಮೊರಿಯಲ್ಲಿಡುವ ರೆಡಿಸ್‌ಗೆ ಬೇರೆ, ಆ್ಯಪ್‌ನಲ್ಲಿ ನಡೆದದ್ದರ ದಾಖಲೆ, ಅಂದರೆ ಲಾಗ್, ಇಡಲು ಬೇರೆ. ಹೊಸ ಬದಲಾವಣೆಯನ್ನು ಮೊದಲು ಪರೀಕ್ಷಿಸಿ ನೋಡಬೇಕೆಂದರೆ ಇವೆಲ್ಲದರ ಇನ್ನೊಂದು ಪ್ರತಿ ಬೇಕು. ಮೆಮೊರಿ ಸಾಲದು ಅಂದರೆ ಮುಂದಿನ ಪ್ಲಾನ್ ಒಮ್ಮೆಲೇ ದುಬಾರಿ. ಅದೇ ದುಡ್ಡಿಗೆ ಒಂದು ವರ್ಚುವಲ್ ಸರ್ವರ್ (ದೊಡ್ಡ ಯಂತ್ರದೊಳಗೆ ಬಾಡಿಗೆಗೆ ಸಿಗುವ ಪಾಲು) ಹಿಡಿದರೆ ಹಲವು ಪಟ್ಟು ಜಾಸ್ತಿ ಮೆಮೊರಿ ಸಿಗುತ್ತದೆ. ಇವೆಲ್ಲ ಅದರೊಳಗೇ ಓಡುತ್ತವೆ.

ಬರೀ ದುಡ್ಡಿನ ವಿಷಯವಾಗಿದ್ದರೆ ಇನ್ನೂ ಕೆಲವು ದಿನ ತಡೆದುಕೊಳ್ಳುತ್ತಿದ್ದೆವು. ನಮ್ಮನ್ನು ಹೊರಡಿಸಿದ್ದು ನಿಮ್ಮ ದೂರುಗಳು.

ಇಡೀ ವರ್ಷದ ಬಿಲ್‌ಗಳ ವರದಿಯನ್ನೇ ನೋಡಿ. ನೀವು ಬಟನ್ ಒತ್ತುತ್ತೀರಿ. ಚಕ್ರ ತಿರುಗುತ್ತಲೇ ಇರುತ್ತದೆ. ಕೊನೆಗೆ ಬಿಳಿ ಪುಟದ ಮೇಲೆ ದೋಷದ ಸಂದೇಶ ಬರುತ್ತದೆ. ವರದಿ ತಯಾರಾಗುತ್ತಲೇ ಇತ್ತು. 30 ಸೆಕೆಂಡಿನೊಳಗೆ ಉತ್ತರ ಹೋಗಲಿಲ್ಲ ಎಂದು ಪ್ಲಾಟ್‌ಫಾರ್ಮ್‌ನ ರೌಟರ್ (ನಿಮ್ಮ ಕೋರಿಕೆಯನ್ನು ಆ್ಯಪ್‌ಗೆ ತಲುಪಿಸುವ ಭಾಗ) ನಡುವೆಯೇ ಸಂಪರ್ಕ ಕಡಿದಿತ್ತು. ಆ 30 ಸೆಕೆಂಡ್ ನಾವು ಹಾಕಿದ ಮಿತಿಯಲ್ಲ. ಬದಲಿಸುವ ಅವಕಾಶವೂ ನಮಗಿರಲಿಲ್ಲ. ಹಾಗಾಗಿ ದೊಡ್ಡ ವರದಿಗಳನ್ನು ಹಿನ್ನೆಲೆಯಲ್ಲಿ ತಯಾರಿಸಿ ಇಮೇಲ್‌ನಲ್ಲಿ ಕಳಿಸುವ ಏರ್ಪಾಡು ಮಾಡಿದೆವು. ತುಂಬಾ ದೊಡ್ಡ ವರದಿಗೆ ಅದೇ ಸರಿ, ಮುಂದೆಯೂ ಹಾಗೇ ಇರುತ್ತದೆ. ಆದರೆ 35 ಸೆಕೆಂಡಿನ ವರದಿಗೂ ಇಮೇಲ್ ತೆಗೆದು ಕಾಯುತ್ತಾ ಕೂರುವುದು ಕಿರಿಕಿರಿ ಅಲ್ವಾ? ಹೊಸ ಸರ್ವರ್‌ನಲ್ಲಿ ಆ ರೌಟರ್ ಜಾಗದಲ್ಲಿ ಮುಂದೆ ನಿಲ್ಲುವುದು ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಸಾಫ್ಟ್‌ವೇರ್. ಅದರಲ್ಲಿ ಈ ಮಿತಿ ಮೂಲತಃ 60 ಸೆಕೆಂಡ್. ಒಂದು ಸಾಲು ತಿದ್ದಿದರೆ ಬದಲಾಗುತ್ತದೆ. ವರದಿಯ ಪುಟಕ್ಕೆ ಮಾತ್ರ 120 ಸೆಕೆಂಡ್ ಇಟ್ಟಿದ್ದೇವೆ.

ಇನ್ನೊಂದು, ಸ್ಥಿರ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಸರ್ವರ್‌ನ ಬದಲಾಗದ ಅಂಕಿಯ ಗುರುತು. ನಮ್ಮ ಆ್ಯಪ್‌ನಿಂದ ಬಿಲ್ ವಿವರ ನೇರವಾಗಿ ತಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಹೋಗುವಂತೆ ಮಾಡಿಕೊಂಡವರು ನಿಮ್ಮಲ್ಲಿ ಹಲವರಿದ್ದೀರಿ. ನಿಮ್ಮ ಫೈರ್‌ವಾಲ್ ನೋಡಿಕೊಳ್ಳುವವರು "ಯಾವ ಐಪಿಯಿಂದ ಬರುತ್ತದೆ ಹೇಳಿ, ಅದನ್ನು ಮಾತ್ರ ಒಳಗೆ ಬಿಡುತ್ತೇವೆ" ಅನ್ನುತ್ತಾರೆ. ಅವರು ಕೇಳುವುದು ನ್ಯಾಯವೇ. ಹಂಚಿಕೆಯ ಪ್ಲಾಟ್‌ಫಾರ್ಮ್‌ನಲ್ಲಿ ಹೊರಹೋಗುವ ವಿಳಾಸ ಬದಲಾಗುತ್ತಿರುತ್ತದೆ. ಒಂದೇ ವಿಳಾಸ ಬೇಕೆಂದರೆ ಅದಕ್ಕೆ ಮತ್ತೊಂದು ಚಂದಾ. ನಮ್ಮದೇ ಸರ್ವರ್‌ಗೆ ಒಂದೇ ವಿಳಾಸ, ಅದು ನಾವು ಸರ್ವರ್ ಇಟ್ಟುಕೊಂಡಿರುವಷ್ಟು ದಿನ ನಮ್ಮದು.

ಯಾವುದಕ್ಕೆ ಹೋಗುವುದು ಅನ್ನುವುದರ ಬಗ್ಗೆ ತಂಡದಲ್ಲಿ ಬಹಳ ಮಾತಾಯಿತು. ಇನ್ನೊಂದು ಅಂಥದ್ದೇ ಪ್ಲಾಟ್‌ಫಾರ್ಮ್‌ಗೆ ಹೋದರೆ ಸ್ವಲ್ಪ ಅಗ್ಗವಾಗಬಹುದು, ಆದರೆ ಮಿತಿಗಳು ಮತ್ತೆ ಇನ್ನೊಬ್ಬರವೇ. ಹೆರೋಕು 2022ರ ನವೆಂಬರ್‌ನಲ್ಲಿ ಉಚಿತ ಪ್ಲಾನ್ ನಿಲ್ಲಿಸಿದಾಗ ಎಷ್ಟೋ ಜನ ಅವಸರದಲ್ಲಿ ಬೇರೆ ಜಾಗ ಹುಡುಕಬೇಕಾಯಿತು. ಪ್ಲಾನ್ ಬದಲಿಸುವುದು ಯಾವ ಕಂಪನಿಗಾದರೂ ಇರುವ ಹಕ್ಕು. ಅಂಥ ದಿನ ಬಂದರೆ ಸುಲಭವಾಗಿ ಹೊರಡುವ ಹಾಗೆ ನಾವಿರಬೇಕು, ಅಷ್ಟೇ. ಹಲವು ಸರ್ವರ್‌ಗಳನ್ನು ಒಟ್ಟಿಗೆ ನಡೆಸುವ ಕುಬರ್ನೆಟೀಸ್ ಬೇಡ ಅಂದೆವು. ನಮ್ಮಷ್ಟು ಸಣ್ಣ ತಂಡ ಅದನ್ನು ಹಾಕಿಕೊಂಡರೆ ಆ್ಯಪ್‌ಗಿಂತ ಅದರ ಆರೈಕೆಯೇ ದೊಡ್ಡ ಕೆಲಸವಾಗುತ್ತದೆ.

ಕೊನೆಗೆ ಆರಿಸಿದ್ದು ವರ್ಚುವಲ್ ಸರ್ವರ್, ಅದರ ಮೇಲೆ ಡೊಕ್ಕು, ಹೆರೋಕು ಥರದ ಅನುಕೂಲವನ್ನು ನಮ್ಮದೇ ಸರ್ವರ್‌ನಲ್ಲಿ ಕೊಡುವ ಸಾಫ್ಟ್‌ವೇರ್. ಇದು ಓಪನ್ ಸೋರ್ಸ್. ಆ್ಯಪ್‌ಗಳನ್ನು ಬೇರೆಬೇರೆ ಪೆಟ್ಟಿಗೆಗಳಲ್ಲಿಟ್ಟಂತೆ ಓಡಿಸುವ ಡಾಕರ್ ಹೊರಬಂದ 2013ರಲ್ಲೇ ನೂರು ಸಾಲಿನ ಆಸುಪಾಸಿನ ಬ್ಯಾಶ್ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ) ಆಗಿ ಶುರುವಾದದ್ದು. ಗಿಟ್ ಪುಷ್ ಕೊಡುವ ಹಳೆಯ ಸುಖ ಹಾಗೇ ಉಳಿಯುತ್ತದೆ. ಹೊಸ ಆವೃತ್ತಿ ಪಕ್ಕದಲ್ಲೇ ಎದ್ದು, ಸರಿಯಾಗಿ ಉತ್ತರ ಕೊಡುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಹಳೆಯದು ಇಳಿಯುತ್ತದೆ. ನೀವು ಬಿಲ್ ಮಾಡುತ್ತಿರುವಾಗಲೇ ನಾವು ಅಪ್‌ಡೇಟ್ ಹಾಕಿದರೂ ನಿಮಗೆ ಗೊತ್ತಾಗುವುದಿಲ್ಲ. ಇದೇ ಕೆಲಸ ಮಾಡುವ ಕೂಲಿಫೈ, ಕ್ಯಾಪ್‌ರೋವರ್ ಕೂಡ ಚೆನ್ನಾಗಿವೆ. ಪರದೆಯ ಮೇಲೆ ಕ್ಲಿಕ್ ಮಾಡಿ ನಡೆಸುವುದು ಇಷ್ಟ ಅನ್ನುವವರಿಗೆ ಅವೇ ಮೇಲು. ನಮಗೆ ಕಮಾಂಡ್ ಲೈನ್, ಅಂದರೆ ಆಜ್ಞೆ ಟೈಪ್ ಮಾಡಿ ನಡೆಸುವುದು, ರೂಢಿ.

ಸರ್ವರ್ ಕೊಡುವವರನ್ನು ಆರಿಸುವಾಗ ದರಪಟ್ಟಿ ನೋಡಿ ಸುಮ್ಮನಾಗಲಿಲ್ಲ. ಅಗ್ಗದ ಸರ್ವರ್‌ಗಳಲ್ಲಿ ಒಂದೇ ಪ್ರೊಸೆಸರನ್ನು ಹಲವರು ಹಂಚಿಕೊಂಡಿರುತ್ತಾರೆ. ಪಕ್ಕದವರು ಜೋರಾಗಿ ಬಳಸಿದರೆ ನಮ್ಮ ಸರದಿ ತಡವಾಗುತ್ತದೆ. ಸರ್ವರ್‌ನ ಹೊರೆ ತೋರಿಸುವ ಟಾಪ್ ಕಮಾಂಡ್ ಕೊಟ್ಟರೆ ಎಸ್‌ಟಿ ಎಂದು ಒಂದು ಅಂಕಿ ಕಾಣುತ್ತದೆ. ನಮಗೆ ಸಿಗಬೇಕಾದ ಹೊತ್ತಿನಲ್ಲಿ ಎಷ್ಟು ಪಾಲು ಬೇರೆಡೆಗೆ ಹೋಯಿತು ಅನ್ನುವುದು ಅದು. ಕಚೇರಿಗಳು ತೆರೆದಿರುವ ಹೊತ್ತಿನಲ್ಲಿ ಅದು ಸೊನ್ನೆಯ ಹತ್ತಿರವೇ ನಿಲ್ಲುವವರನ್ನು ಮಾತ್ರ ಉಳಿಸಿಕೊಂಡೆವು. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೈಕೊಟ್ಟಾಗ ಒಳಹೋಗಲು ಕನ್ಸೋಲ್ ಎಂಬ ಇನ್ನೊಂದು ದಾರಿ ಇದೆಯೇ, ಸರ್ವರ್‌ನ ಹೊರಗೇ ಫೈರ್‌ವಾಲ್ ಇದೆಯೇ ಅನ್ನುವುದನ್ನೂ ನೋಡಿದೆವು.

ಈ ಹೊರಗಿನ ಫೈರ್‌ವಾಲ್ ಯಾಕೆ ಮುಖ್ಯ ಅಂದರೆ, ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವಿನಲ್ಲಿ ಅದರದೇ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಹಾಕಿ ಎಲ್ಲ ಮುಚ್ಚಿದ್ದೇವೆ ಎಂದುಕೊಂಡರೂ, ಡಾಕರ್ ತೆರೆದ ಪೋರ್ಟ್ (ಸಂಪರ್ಕದ ಬಾಗಿಲು) ಅದನ್ನು ದಾಟಿ ಹೊರಗೆ ಕಾಣುತ್ತದೆ. ಡಾಕರ್ ತನ್ನದೇ ನಿಯಮಗಳನ್ನು ಬರೆದುಕೊಳ್ಳುವುದೇ ಇದಕ್ಕೆ ಕಾರಣ. ಹಾಗಾಗಿ ನಿಮ್ಮ ಲೆಕ್ಕ ಇರುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 5432 ಪೋರ್ಟನ್ನು ಹೊರಕ್ಕೆ ತೆರೆದೇ ಇಲ್ಲ, ಮೇಲಿಂದ ಹೊರಗಿನ ಫೈರ್‌ವಾಲ್‌ನ ತಡೆಯೂ ಇದೆ. ಪಾಸ್‌ವರ್ಡ್ ಹಾಕಿ ಸರ್ವರ್‌ಗೆ ಲಾಗಿನ್ ಆಗುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಡಿಜಿಟಲ್ ಕೀ ಇದ್ದವರಿಗೆ ಮಾತ್ರ ಪ್ರವೇಶ. ಉಬುಂಟು 24.04ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಅವು ತಾವಾಗಿಯೇ ಇನ್‌ಸ್ಟಾಲ್ ಆಗುವ ಹಾಗೆ ಮಾಡಿದ್ದೇವೆ.

ಬ್ಯಾಕಪ್ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ, ಕೇಳಲೇಬೇಕು. ಪ್ರತಿ ರಾತ್ರಿ ಡೇಟಾಬೇಸಿನ ಪೂರ್ತಿ ನಕಲು ಇನ್ನೊಂದು ಕಂಪನಿಯ ಸ್ಟೋರೇಜ್‌ಗೆ ಹೋಗುತ್ತದೆ. ಹಗಲಿನಲ್ಲಿ ಆಗುವ ಬದಲಾವಣೆಗಳನ್ನು ಪೋಸ್ಟ್‌ಗ್ರೆಸ್ ವಾಲ್ ಎಂಬ ಕಡತಗಳಲ್ಲಿ ಬರೆದುಕೊಳ್ಳುತ್ತದೆ. ಅವೂ ಆಗಿಂದಾಗ್ಗೆ ಅಲ್ಲಿಗೆ ಹೋಗುತ್ತವೆ. ಎರಡೂ ಇದ್ದರೆ ಬೆಳಿಗ್ಗೆ 11.40ರ ಹೊತ್ತಿಗೆ ಲೆಕ್ಕ ಹೇಗಿತ್ತೋ ಹಾಗೆ ಮರಳಿ ತರಬಹುದು. ಆದರೆ ತೆಗೆದು ನೋಡದ ಬ್ಯಾಕಪ್ಪನ್ನು ನಾವು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಖಾಲಿ ಸರ್ವರ್ ಮೇಲೆ ಅದನ್ನು ಇಳಿಸಿ, ಬಿಲ್‌ಗಳ ಎಣಿಕೆ ಮತ್ತು ಒಟ್ಟು ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡುತ್ತೇವೆ. ಉಳಿದ ದುಡ್ಡಿನ ಒಂದು ಪಾಲು ಹೋಗುವುದು ಇದಕ್ಕೇ. ನೀವು ಅಪ್‌ಲೋಡ್ ಮಾಡಿದ ರಸೀದಿಯ ಫೋಟೋಗಳು ಈಗಿನಂತೆ ಬೇರೆಯೇ ಸ್ಟೋರೇಜ್‌ನಲ್ಲಿ ಇರುತ್ತವೆ. ಸರ್ವರ್‌ನ ಡಿಸ್ಕ್ ದೊಡ್ಡದಿದೆ ಎಂದು ಎಲ್ಲವನ್ನೂ ಅಲ್ಲೇ ತುಂಬುವುದು ನಮಗೆ ಸರಿಕಾಣಲಿಲ್ಲ.

ಒಂದು ವಿಷಯ ಮುಚ್ಚಿಡುವುದಿಲ್ಲ. ಹಳೆಯ ಕಡೆ ಒಂದು ಯಂತ್ರ ಕೆಟ್ಟರೆ ಆ್ಯಪ್ ತಾನಾಗಿಯೇ ಇನ್ನೊಂದರಲ್ಲಿ ಎದ್ದು ನಿಲ್ಲುತ್ತಿತ್ತು. ಇನ್ನು ಮುಂದೆ ಸರ್ವರ್ ಪೂರ್ತಿ ಕೈಕೊಟ್ಟರೆ ಹೊಸದನ್ನು ಹಿಡಿದು ಬ್ಯಾಕಪ್ ಇಳಿಸಬೇಕಾಗುತ್ತದೆ. ಅಷ್ಟು ಹೊತ್ತು ಆ್ಯಪ್ ಸಿಗುವುದಿಲ್ಲ. ಇದನ್ನು ತೂಗಿ ನೋಡಿಯೇ ಒಪ್ಪಿಕೊಂಡಿದ್ದೇವೆ. ಒಂದು ನಿಮಿಷವೂ ನಿಲ್ಲುವಂತಿಲ್ಲ ಅನ್ನುವ ವ್ಯವಹಾರ ನಿಮ್ಮದಾದರೆ ಈಗಲೇ ತಿಳಿಸಿ, ಕೂತು ಮಾತಾಡೋಣ.

ಆ ರಾತ್ರಿ ಆಗುವುದು ಇಷ್ಟು. ಆ್ಯಪ್‌ನ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನಲ್ಲಿ, ಹಳೆಯ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕು ಎನ್ನುವ ಟಿಟಿಎಲ್ ಅನ್ನು ಮೊದಲೇ 300 ಸೆಕೆಂಡಿಗೆ ಇಳಿಸಿರುತ್ತೇವೆ, ಹೊಸ ಐಪಿ ವಿಳಾಸ ಬೇಗ ಹಬ್ಬಲಿ ಎಂದು. 2 ಗಂಟೆಗೆ ಹಳೆಯ ಡೇಟಾಬೇಸಿಗೆ ಬರೆಯುವುದನ್ನು ನಿಲ್ಲಿಸಿ, ಕೊನೆಯ ನಕಲು ತೆಗೆದು, ಪ್ರತಿ ಗ್ರಾಹಕರ ಬಿಲ್ ಎಣಿಕೆ ಮತ್ತು ಮೊತ್ತವನ್ನು ಎರಡೂ ಕಡೆ ತಾಳೆ ನೋಡುತ್ತೇವೆ. ಒಂದೇ ಒಂದು ಬಿಲ್ ವ್ಯತ್ಯಾಸ ಬಂದರೂ ಅವತ್ತು ಸಾಗಿಸುವುದಿಲ್ಲ; ಹಳೆಯದನ್ನೇ ಮತ್ತೆ ತೆರೆದು ನಿಮಗೆ ಹೊಸ ದಿನ ತಿಳಿಸುತ್ತೇವೆ. ಎಲ್ಲ ಸರಿಹೋದರೆ ಹಳೆಯ ಪ್ರತಿಯನ್ನು 30 ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತೇವೆ.

ನಿಮ್ಮಲ್ಲಿ ಹೆಚ್ಚಿನವರು ಏನೂ ಮಾಡಬೇಕಿಲ್ಲ. ಬಿಲ್ ವಿವರವನ್ನು ನಿಮ್ಮದೇ ಸಾಫ್ಟ್‌ವೇರ್‌ಗೆ ತರಿಸಿಕೊಳ್ಳುವವರಿಗೆ ಮಾತ್ರ ಹೊಸ ಐಪಿ ವಿಳಾಸವನ್ನು ಬೇರೆ ಇಮೇಲ್‌ನಲ್ಲಿ ಕಳಿಸುತ್ತೇವೆ. ಅದನ್ನು ನಿಮ್ಮ ಫೈರ್‌ವಾಲ್ ನೋಡಿಕೊಳ್ಳುವವರಿಗೆ ಆ ಭಾನುವಾರಕ್ಕೆ ಮೊದಲೇ ಕೊಡಿ. ಹಳೆಯ ವಿಳಾಸಗಳನ್ನು ಸದ್ಯಕ್ಕೆ ತೆಗೆಯಬೇಡಿ. ಸೋಮವಾರ ಬೆಳಿಗ್ಗೆ ಯಾವುದೇ ಅಂಕಿ ಬೇರೆ ಅನಿಸಿದರೆ ಬಿಲ್ ನಂಬರ್ ಸಮೇತ ಈ ಪತ್ರಕ್ಕೇ ಉತ್ತರಿಸಿ. ಅವತ್ತು ನಮ್ಮ ಇಡೀ ತಂಡ ಬೇರೆ ಕೆಲಸ ಇಟ್ಟುಕೊಂಡಿಲ್ಲ.

ಇಂತಿ,
ನಿಮ್ಮ ಬಿಲ್ಲಿಂಗ್ ಆ್ಯಪ್ ತಂಡ